ಆಕಾಶಕ್ಕ ರೊಕ್ಕ ಯಾಕ?

ಬೆಂಗಳೂರಿನಲ್ಲಿ ಓದುವ ತಮ್ಮನ ಮಗಳು ಆಗಾಗ ಮೊಬೈಲಿಗೆ ಪಟ್ಟಿ ಕಳಿಸುತ್ತಾಳೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ಕಲಾ ಪ್ರದರ್ಶನ, ಬನಶಂಕರಿಯ ಸುಚಿತ್ರದಲ್ಲಿ ಸಿನಿಮಾ, ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ. ಮೊನ್ನೆ ಕೇಳಿದಳು: "ದೊಡ್ಡಪ್ಪ, ನಿಮ್ ಕಾಲದಾಗ ವಾಡ್ಯಾಗ ಇಂಥಾವೆಲ್ಲಾ ಇದ್ದುವೇನು?"

ಕಲಬುರಗಿ ಕಡೆಯ ನಮ್ಮ ವಾಡಿಯಲ್ಲಿ ಇದ್ದದ್ದು ಒಂದೇ. ಟಾಕೀಜಿನ ಮುಂಗೋಡೆಗೆ ಸಿನಿಮಾ ಬದಲಾದಾಗಲೆಲ್ಲ ಏರುತ್ತಿದ್ದ ಬ್ಯಾನರು. ಅದನ್ನು ನೋಡಲು ಟಿಕೇಟು ಬೇಕಿರಲಿಲ್ಲ.

ಬರೆಯುತ್ತಿದ್ದವರನ್ನು ಊರೆಲ್ಲ ಉಸ್ತಾದ ಎನ್ನುತ್ತಿತ್ತು. ಮಾದರಪಾಟ ಬಟ್ಟೆಯನ್ನು ಬಿಗಿದು, ಸರೇಸು ಕಲಸಿದ ಸಫೇದ ಬಳಿದು ಒಣಗಿಸುವರು. ಆಮೇಲೆ ನೀಲಿ ಪುಡಿ ಸವರಿದ ದಾರವನ್ನು ಇಬ್ಬರು ಹುಡುಗರ ಕೈಗೆ ಕೊಟ್ಟು ಎಳೆಸಿ, ನಡುವೆ ಹಿಡಿದು ಟಪ್ಪೆಂದು ಬಿಟ್ಟರೆ ಬಟ್ಟೆಯ ಮೇಲೆ ಗೆರೆ. ಅಡ್ಡ, ಉದ್ದ, ಅಡ್ಡ, ಉದ್ದ. ಅಂಗೈಯಗಲದ ಫೋಟೋದ ಮೇಲೂ ಅಷ್ಟೇ ಚೌಕಗಳು. ಒಂದೊಂದು ಚೌಕ ನೋಡಿ ಒಂದೊಂದು ಚೌಕ ತುಂಬಿದರೆ ಆಳೆತ್ತರದ ಮುಖ ಏಳುತ್ತಿತ್ತು. ಅಗಸಿ ಎಣ್ಣೆ, ಟರ್ಪೆಂಟೈನು, ಪಕ್ಕದ ಒಲೆಯಲ್ಲಿ ಪೋಸ್ಟರಿಗೆಂದು ಕುದಿಯುವ ಮೈದಾ ಅಂಟು, ಅದಕ್ಕೆ ಹಾಕಿದ ಮೈಲುತುತ್ತ: ಆ ವಾಸನೆಗೇ ನಾನು ಶಾಲೆ ತಪ್ಪಿಸುತ್ತಿದ್ದೆ.

ಉಸ್ತಾದರಿಗೆ ದೇವರೆಂದರೆ ಎಸ್.ಎಂ. ಪಂಡಿತರು. ನಮ್ಮ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿ, ಮುಂಬೈಗೆ ಹೋಗಿ, ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಂದ ದೇಶದ ಗೋಡೆಗಳನ್ನೆಲ್ಲ ಗೆದ್ದವರು. "ಅವರ ಬಣ್ಣ ನೋಡು, ಮೈಯಾಗ ರಕ್ತ ಹರೀತದ" ಎನ್ನುತ್ತಿದ್ದರು.

ಶೋಲೆ ಬಿಡುಗಡೆಯಾದದ್ದು 1975ರಲ್ಲಿ. ವಾಡಿಗೆ ಬಂದದ್ದು ಪ್ರಿಂಟು ಸವೆದು ಮಳೆ ಸುರಿಸತೊಡಗಿದ ಮೇಲೆ; ಇಸವಿ ಕೇಳಬೇಡಿ. ಅದರ ಬ್ಯಾನರಿನ ಲೆಕ್ಕಕ್ಕೆ ಮ್ಯಾನೇಜರು ಟೇಪು ಹಿಡಿದು ನಿಂತರು. ಕೂಲಿ ಚದರಡಿ ಲೆಕ್ಕ. ಮೇಲಿನ ಆಕಾಶ ಬಿಟ್ಟು ಅಳೆಯತೊಡಗಿದರು.

"ಆಕಾಶಕ್ಕ ರೊಕ್ಕ ಯಾಕ ಕೊಡ್ಲಿ? ಅಲ್ಲೇನು ಬರ್ದೀರಿ?"

"ತೆಗೀತೀನಿ ಬಿಡ್ರಿ ಸಾಹೇಬ್ರ. ಅಮಿತಾಭನ ತಲಿ ಎಲ್ಲಿ ಇಡ್ತೀರಿ?"

ಎರಡು ಚಹಾ ಮುಗಿಯುವವರೆಗೆ ನಡೆದು, ಅರ್ಧ ಆಕಾಶಕ್ಕೆ ದುಡ್ಡು, ಇನ್ನರ್ಧಕ್ಕೆ ನಾಲ್ಕು ಪಾಸು ಎಂದು ಇತ್ಯರ್ಥವಾಯಿತು. ಪಾಸುಗಳಲ್ಲಿ ಒಂದು ನನಗೆ ಬಂತು.

ಬ್ಯಾನರು ಏರಿದ ಮೇಲೆ ಟಾಂಗಾದಲ್ಲಿ ಮೈಕು. ಒಮ್ಮೆ ಕನ್ನಡ, ಒಮ್ಮೆ ಉರ್ದು, ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲು. 1968ರಲ್ಲಿ ಎಸಿಸಿ ಸಿಮೆಂಟು ಕಾರ್ಖಾನೆ ಶುರುವಾದ ಮೇಲೆ ಎಲ್ಲೆಲ್ಲಿಯವರೋ ಬಂದು ನೆಲೆಸಿದ ಊರು. ಹಿಂದಿ, ತೆಲುಗು, ಕನ್ನಡ ಮೂರೂ ಓಡುತ್ತಿದ್ದವು.

ಅದೆಲ್ಲ ಬಂಗಾರದ ಕಾಲವೆಂದು ಹೇಳಲಾರೆ. ಕುರ್ಚಿಗಳಲ್ಲಿ ತಿಗಣೆ. ಉಸ್ತಾದರ ಕೂಲಿ ತಿಂಗಳುಗಟ್ಟಲೆ ಬಾಕಿ. ಬಟ್ಟೆ ದುಬಾರಿಯೆಂದು ಹಳೆಯ ಚಿತ್ರದ ಮೇಲೆಯೇ ಸಫೇದ ಬಳಿದು ಹೊಸದು ಬರೆಸುವರು. ಧರ್ಮೇಂದ್ರನ ಕೆಳಗೆ ರಾಜಕುಮಾರ್, ಅವರ ಕೆಳಗೆ ಎನ್.ಟಿ.ಆರ್. ಉಸ್ತಾದರ ಒಂದು ಕೆಲಸವೂ ತಿಂಗಳು ಬಾಳಲಿಲ್ಲ. ಬಣ್ಣ ಹತ್ತಿ ಹತ್ತಿ ದಪ್ಪಗಾದ ಬಟ್ಟೆ ಕೊನೆಗೆ ಜೋಳದ ಕಣಕಿ ಬಣವೆಗೆ ಹೊದಿಕೆ. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಚಟವಿದ್ದ ಉಸ್ತಾದರು ಕೆಮ್ಮುತ್ತಲೇ ಹೋದರು. ಮಗ ಫ್ಲೆಕ್ಸ್ ಅಂಗಡಿಗೆ ಸೇರಿದ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಆದರೆ ಆ ಫ್ಲೆಕ್ಸಿನಲ್ಲಿ ಈಗ ಏರುವುದು ಯಾರು? ಪುಢಾರಿಗಳ ಹುಟ್ಟುಹಬ್ಬ, ಕೈಮುಗಿದ ಹಿಂಬಾಲಕರ ಸಾಲುಸಾಲು ಮುಖ. ನಟರ ಮುಖದಲ್ಲಾದರೂ ಒಂದು ಭಾವವಿರುತ್ತಿತ್ತು. ಬೆಂಗಳೂರಿನ ಪಟ್ಟಿ ಬೆರಳ ತುದಿಗೆ ಬಂದಿದೆ, ನಿಜ. ಅದರಲ್ಲಿನ ಒಂದು ಚಿತ್ರವೂ ಇತ್ತ ಬರುವುದಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ವಾಡಿಯಿಂದ ಬೆಂಗಳೂರಿಗೆ ಹೋಗುವಂತೆ ಬೆಂಗಳೂರಿನಿಂದ ವಾಡಿಗೂ ಬರುತ್ತದೆ ಎಂಬುದನ್ನು ಆ ಪ್ರದರ್ಶನ ಏರ್ಪಡಿಸುವವರಿಗೆ ಯಾರಾದರೂ ತಿಳಿಸಬೇಕು.

ಕಲಬುರಗಿಯಲ್ಲಿ ಪಂಡಿತರ ಹೆಸರಿನ ರಂಗಮಂದಿರವಿದೆ, ಸಂತೋಷ. ಉಸ್ತಾದರಂಥವರದು ಗೆರೆಯೂ ಉಳಿದಿಲ್ಲ. ಸೇಡಂ, ಶಹಾಬಾದ, ಚಿತ್ತಾಪುರ, ಚಿಂಚೋಳಿ ಕಡೆ ಯಾರದಾದರೂ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ಬಣ್ಣ ಬಳಿದ ದಪ್ಪ ಬಟ್ಟೆ ಬಿದ್ದಿದ್ದರೆ ದಯವಿಟ್ಟು ಸುಡಬೇಡಿ, ನೆರೆಯ ಶಾಲೆಗಾದರೂ ಕೊಡಿ.