ಎರಿ ಮಣ್ಣಾಗ ಗಜ್ಜರಿ ನೆಟ್ಟಗ ಬರ್ತಾವೇನು?

ಬದನೆಕಾಯಿಗೆ ಹುಳ ಬಿದ್ದರೆ ಹೊರಗಿಂದಲೇ ತೂತು ಕಾಣುತ್ತದೆ. ಗಜ್ಜರಿ, ಮೂಲಂಗಿ, ಗೆಣಸಿನ ವಿಷಯ ಹಾಗಲ್ಲ. ಮೇಲೆ ತಪ್ಪಲು ಹಚ್ಚಹಸಿರಾಗಿ ನಗುತ್ತಿರುತ್ತದೆ. ಕಿತ್ತು ನೋಡಿದರೆ ಕವಲು, ಸೀಳು, ಗಂಟು, ಕಪ್ಪು ಕಲೆ. ಮೂರು ತಿಂಗಳು ಕಾದಿದ್ದರ ರಿಸಲ್ಟ್ ಒಂದೇ ದಿನ ಗೊತ್ತಾಗೋದು. ಆಗ ಯಾವ ಔಷಧ ಹೊಡೆದರೂ ಉಪಯೋಗವಿಲ್ಲ. ಗಡ್ಡೆ ತರಕಾರಿಯ ಆರೈಕೆಯೆಲ್ಲ ಬೀಜ ಹಾಕೋ ಮೊದಲೇ ಶುರುವಾಗಬೇಕು.

ನಾನು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದವ. ಅರ್ಧ ತಿಂಗಳು ಸಿಂದಗಿಯ ಮನೆಯಿಂದಲೇ ಲಾಗಿನ್ ಆಗುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಹೊಲ ಲಾವಣಿಗೆ ಕೊಟ್ಟೆವು. ಮೊಣಕಾಲು ನೋವಿನ ಅವ್ವನಿಗೆ ಉಳಿದ ಭೂಮಿ ಅಂದರೆ ಹಿತ್ತಲದ ನಾಲ್ಕು ಮಡಿ. ಓಣಿಯಲ್ಲಿ ಸುಮಾರು ಎಲ್ಲರೂ ಹಿತ್ತಲಕ್ಕೆ ಫರ್ಸಿ ಹಾಕಿಸಿಯಾಗಿತ್ತು. ಎರಡು ವರ್ಷದ ಹಿಂದೆ ಬುಟ್ಟಿ ತುಂಬ ಸೊಟ್ಟ ಗಜ್ಜರಿ ಕಿತ್ತ ದಿನ ಅವ್ವನೂ ಅಂದಳು: "ಈ ಎರಿ ಮಣ್ಣಾಗ ಜ್ವಾಳ ಬೆಳೀತಾವ, ಗಜ್ಜರಿ ಎಲ್ಲಿಂದ ನೆಟ್ಟಗ ಬರ್ತಾವಪಾ? ಫರ್ಸಿ ಹಾಕಿಸಿಬಿಡು."

ಫರ್ಸಿ ಬಿದ್ದರೆ ಅವ್ವ ದಿನವಿಡೀ ಟಿವಿ ಮುಂದೆ. ಆ ಯೋಚನೆಗೇ ನನಗೆ ಹೆದರಿಕೆಯಾಯಿತು.

ಅವ್ವ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನೋ ಸೀಮೆ ನಮ್ಮದು. ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಕಡೆಯ ಎರಿ ಮಣ್ಣು ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಜೋಳ ಇದನ್ನು ತಾಳಿಕೊಳ್ಳುತ್ತದೆ. ಆದರೆ ಗಜ್ಜರಿಯಲ್ಲಿ ನಾವು ತಿನ್ನೋದೇ ಬೇರು! ಮೇಲಾಗಿ ಇದು ಕ್ಷಾರ ಮಣ್ಣು, ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು. ಮೊಬೈಲಿನಲ್ಲಿ ಸಿಗೋ "ಮಡಿಗೆ ಬೂದಿ ಹಾಕಿ" ಅನ್ನೋ ಸಲಹೆ ಮಲೆನಾಡಿನ ಹುಳಿ ಮಣ್ಣಿಗೆ ಸರಿ. ನಮ್ಮಲ್ಲಿ ಬೂದಿ ಕ್ಷಾರವನ್ನು ಇನ್ನೂ ಏರಿಸುತ್ತದೆ. ಆಗ ಬೋರಾನ್ ಬೇರಿಗೆ ಸರಿಯಾಗಿ ಸಿಗದೆ ಬೀಟ್‌ರೂಟ್ ಒಳಗೆ ಕಪ್ಪಾಗಬಹುದು, ಬಟಾಟಿಗೆ ಕಜ್ಜಿ ರೋಗ ಬೇಗ ಹತ್ತುತ್ತದೆ. ಹಾಗಾಗಿ ಒಲೆ ಬೂದಿ ಬಂದ್ ಮಾಡಿದೆವು, ಬಟಾಟಿ ಆಸೆ ಬಿಟ್ಟೆವು.

ಆಮೇಲೆ ಮಡಿಗಳನ್ನು ಒಂದು ಅಡಿ ಎತ್ತರಿಸಿದೆವು. ಎರಿ ಮಣ್ಣಿಗೆ ಮುದ್ದೇಬಿಹಾಳದ ಸೋದರಮಾವನ ಹೊಲದ ಮಸಾರಿ ಮಣ್ಣು, ವರ್ಷ ಕೊಳೆತ ತಿಪ್ಪೆಗೊಬ್ಬರ ಬೆರೆಸಿ ಜರಡಿ ಹಿಡಿದೆವು. ಎಳೆ ಬೇರಿಗೆ ಹರಳೋ ಹೆಂಟೆಯೋ ಅಡ್ಡ ಬಂದರೆ ಅದು ಕವಲೊಡೆಯುತ್ತದೆ. ಹಸಿ ಸಗಣಿಯಂತೂ ಬೇಡವೇ ಬೇಡ; ಕವಲೂ ಹೆಚ್ಚು, ಕೊಳೆಯೂ ಹೆಚ್ಚು. ಗೊಬ್ಬರಕ್ಕೆ ಬೇವಿನ ಹಿಂಡಿ, ಟ್ರೈಕೋಡರ್ಮಾ ಪುಡಿ ಕಲಸಿ 15 ದಿನ ನೆರಳಲ್ಲಿ ತೇವವಾಗಿಟ್ಟೆವು. ಟ್ರೈಕೋಡರ್ಮಾ ಅಂದರೆ ಬೇರು ಕೊಳೆಸೋ ಶಿಲೀಂಧ್ರಗಳನ್ನು ಹತ್ತಿಕ್ಕೋ ಒಳ್ಳೆಯ ಶಿಲೀಂಧ್ರ. ಮೊಳಕೆ ಬಂದ ಮೇಲೆ ಸಸಿಯಿಂದ ಸಸಿಗೆ 2-3 ಇಂಚು ಉಳಿಸಿ ಮಿಕ್ಕದ್ದನ್ನು ಕಿತ್ತೆವು.

ಇನ್ನು ನೀರು. ನಳ ಬಂದ ದಿನ ಕೆರೆಯಂತೆ ತುಂಬಿಸಿ ಆಮೇಲೆ ವಾರಗಟ್ಟಲೆ ಒಣಗಲು ಬಿಟ್ಟರೆ ಗಜ್ಜರಿ, ಮೂಲಂಗಿ ಉದ್ದಕ್ಕೂ ಸೀಳುತ್ತವೆ. ಆ ಸೀಳಿನಿಂದಲೇ ಕೊಳೆ ರೋಗ ಒಳಗೆ ಹೋಗೋದು. ಈಗ ಬ್ಯಾರೆಲ್ಲಿನಲ್ಲಿ ನೀರು ತುಂಬಿಟ್ಟು, ಡ್ರಿಪ್ ಪೈಪಿನಿಂದ ಬೆಳಿಗ್ಗೆ ಸ್ವಲ್ಪ ಸ್ವಲ್ಪ ಬಿಡುತ್ತೇವೆ. ಅವ್ವ ಮಣ್ಣಿನೊಳಗೆ ಬೆರಳಿಟ್ಟು ನೋಡುತ್ತಾಳೆ. ತೇವ ಇದ್ದರೆ ಆ ದಿನ ನೀರಿಲ್ಲ. ಸೆನ್ಸರ್ ತರ್ತೀನಿ ಅಂದೆ. "ನನ್ನ ಬೆರಳಿಗೆ ಚಾರ್ಜಿಂಗ್ ಬೇಕಾಗಂಗಿಲ್ಲ" ಅಂದಳು.

ಶಿವರಾತ್ರಿ ಉಪವಾಸಕ್ಕೆ ಬೇಕಾದ ಗೆಣಸಿಗೆ ಮಣ್ಣಿನ ಬಿರುಕೇ ದೊಡ್ಡ ಶತ್ರು. ಮೂತಿ ಹುಳ ಆ ಬಿರುಕಿನಿಂದಲೇ ಗಡ್ಡೆ ತಲುಪಿ ಮೊಟ್ಟೆಯಿಡುತ್ತದೆ. ಬಿರುಕು ಕಂಡಲ್ಲೆಲ್ಲ ಮಣ್ಣು ಏರಿಸಿ, ಜೋಳದ ಕಣಿಕೆ ಚೂರು ಹೊದಿಸಿದರೆ ಅರ್ಧ ಕೆಲಸ ಮುಗೀತು. ಹುಳ ಕೊರೆದ ಗೆಣಸು ಕಹಿಯಾಗಿರುತ್ತದೆ. ಅದನ್ನು ಹೆಚ್ಚಿ ಅಡುಗೆಗೆ ಬಳಸಬೇಡಿ, ದನಕ್ಕೂ ಹಾಕಬೇಡಿ. ಬೇರಿನಲ್ಲಿ ಗಂಟು ಕಂಡಿದ್ದ ಮಡಿಗೆ ಮುಂದಿನ ಬೆಳೆಯಾಗಿ ಚೆಂಡು ಹೂ ಹಚ್ಚಿದೆವು. ಗಂಟು ಮಾಡೋ ಜಂತುಹುಳ ಅದರಿಂದ ಕಡಿಮೆಯಾಗುತ್ತದೆ, ದೀಪಾವಳಿಗೆ ಹೂವೂ ಆಯಿತು.

ಇದಕ್ಕೆಲ್ಲ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ನಮ್ಮ ಜಿಲ್ಲೆಯಲ್ಲಿ ವಿಜಯಪುರ, ಇಂಡಿ ಎರಡೂ ಕಡೆ ಕೃಷಿ ವಿಜ್ಞಾನ ಕೇಂದ್ರಗಳಿವೆ, ಅಲ್ಲಿ ವಿಚಾರಿಸಬಹುದು. ವರದಿ ನೋಡದೆ ಬೋರಾಕ್ಸ್ ಮಾತ್ರ ಹಾಕಬೇಡಿ; ಅದು ಚೂರು ಹೆಚ್ಚಾದರೂ ಗಿಡಕ್ಕೆ ವಿಷ.

ಕಳೆದ ಎಳ್ಳಮಾಸಿಯ ಚರಗದ ಬುತ್ತಿಯಲ್ಲಿ ಸಜ್ಜಿ ರೊಟ್ಟಿ ಜೊತೆ ನಮ್ಮ ಹಿತ್ತಲದ ಗಜ್ಜರಿಯೇ ಇತ್ತು. ಹತ್ತರಲ್ಲಿ ಮೂರು ಸೊಟ್ಟಗೇ ಇದ್ದವು, ಆದರೆ ಒಂದರಲ್ಲೂ ಕಲೆಯಿಲ್ಲ, ಕೊಳೆಯಿಲ್ಲ. ಅವ್ವ ಅವನ್ನೂ ತೊಳೆದು ಕಟ್ಟಿದಳು. ಈ ಹಿಂಗಾರಿಗೆ ಐದನೇ ಮಡಿ ಬೇಕಂತೆ. ಜಾಗ ಎಲ್ಲಿದೆ ಅಂತ ನಾನು ಕೇಳಿದ್ದಕ್ಕೆ, ನನ್ನ ಬೈಕ್ ನಿಲ್ಲಿಸೋ ಮೂಲೆ ತೋರಿಸಿದ್ದಾಳೆ.