ಇದ್ದಿಲು ತಿನ್ನುತ್ತಿದ್ದ ಬಸ್ಸು

ತೀರ್ಥಹಳ್ಳಿಯಿಂದ ಶಿವಮೊಗ್ಗೆಗೆ ಆಗ ನಮ್ಮನ್ನು ಒಯ್ಯುತ್ತಿದ್ದುದು ಗ್ಯಾಸ್ ಬಸ್ಸು. ನಿಮ್ಮ ಅಡುಗೆಮನೆಯ ಸಿಲಿಂಡರಿನ ಗ್ಯಾಸ್ ಅಲ್ಲ ಮತ್ತೆ! ಯುದ್ಧಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಬೆನ್ನಿಗೊಂದು ಕಬ್ಬಿಣದ ಪೀಪಾಯಿ ಬಿಗಿದು, ಅದರೊಳಗೆ ಇದ್ದಿಲು ಸುರಿದಿದ್ದರು. ಯುದ್ಧ ಮುಗಿದ ಮೇಲೂ ಕೆಲವು ಪೀಪಾಯಿಗಳು ಇಳಿಯಲಿಲ್ಲ. ನಾನು ಹತ್ತಿದ್ದು ಆ ಕೊನೆಗಾಲದಲ್ಲಿ, ಏಳೆಂಟು ವರ್ಷದವನಿದ್ದಾಗ. ಅಪ್ಪನಿಗೆ ಒಂದೂಕಾಲು ರೂಪಾಯಿ, ನನಗೆ ಅರ್ಧ ಟಿಕೆಟ್ಟು, ಹತ್ತಾಣೆ.

ಹೊರಡುವುದಕ್ಕೆ ಬಹಳ ಮುಂಚೆಯೇ ಕ್ಲೀನರು ಕೆಂಡ ಹಾಕಿ, ಗಾಳಿ ಊದುವ ಚಕ್ರದ ಹಿಡಿ ತಿರುಗಿಸುತ್ತಿದ್ದ. ಬಸ್ಸಿನೊಳಗೆ ಬಚ್ಚಲೊಲೆಯ ಹೊಗೆ, ಕಾದ ಕಬ್ಬಿಣ, ಯಾರದೋ ಬುತ್ತಿಯ ಬೆಳ್ಳುಳ್ಳಿ ಚಟ್ನಿ ಎಲ್ಲ ಕಲೆತ ವಾಸನೆ. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಮದುವೆಗೆಂದು ನೀಲಿ ಹಾಕಿ ಒಗೆಸಿದ್ದ ಅಪ್ಪನ ಪಂಚೆ ಛತ್ರ ಮುಟ್ಟುವಾಗ ಒಲೆಯ ಮಸಿಬಟ್ಟೆಯಾಗಿತ್ತು.

ಊರಿಗೆ ಮರಳಿ ನಾನು ಕ್ಲೀನರಾಗುತ್ತೇನೆಂದು ಘೋಷಿಸಿದೆ. ಅಭ್ಯಾಸಕ್ಕೆಂದು ಅಜ್ಜಿಯ ಬೀಸುಕಲ್ಲನ್ನು ಬರಿದೇ ಗರಗರ ತಿರುಗಿಸಿದೆ. ಬರಿಕಲ್ಲು ತಿರುಗಿಸಿದರೆ ಮನೆಗೆ ದರಿದ್ರ ಎಂದು ಅಜ್ಜಿ ಊದುಗೊಳವೆ ಎತ್ತಿದಳು. ಆ ಉದ್ಯೋಗ ಅಲ್ಲಿಗೇ ಮುಗಿಯಿತು.

ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ಪೀಪಾಯಿಯ ಗುಟ್ಟು ಬಿಡಿಸಿದರು. ಗಾಳಿ ಸಾಲದಂತೆ ಉರಿದ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಕೊಡುತ್ತದೆ. ಎಂಜಿನ್ನಿಗೆ ಅದೇ ಆಹಾರ, ನಮಗೆ ವಿಷ. ಅದೇ ಅನಿಲಕ್ಕೆ ಹೈಡ್ರೋಜನ್ ಬೆರೆಸಿ ಎಣ್ಣೆ ಮಾಡುವ ದಾರಿಯನ್ನು ಜರ್ಮನಿಯ ಫಿಶರ್ ಮತ್ತು ಟ್ರಾಪ್ಶ್ 1925ರ ಹೊತ್ತಿಗೇ ಕಂಡುಕೊಂಡಿದ್ದರು. ಆ ದೇಶ ಯುದ್ಧದಲ್ಲಿ ಕಲ್ಲಿದ್ದಲಿನಿಂದಲೇ ಪೆಟ್ರೋಲು ಮಾಡಿಕೊಂಡಿತ್ತು. ನಾವು ಇತ್ತ ಪಂಚೆ ಎತ್ತಿಕಟ್ಟಿ ತಳ್ಳುತ್ತಿದ್ದೆವು.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನವರು ಆ ಪೀಪಾಯಿಯ ವಂಶವನ್ನು ಬಿಡಲಿಲ್ಲ. ಅಲ್ಲಿನ ದಾಸಪ್ಪನವರ ತಂಡ ಗಾಳಿಯ ಬದಲು ಆಮ್ಲಜನಕ ಮತ್ತು ಹಬೆ ಕೊಟ್ಟು, ಒಂದು ಕಿಲೋ ಕೃಷಿ ಕಸದಿಂದ 100 ಗ್ರಾಂ ಹೈಡ್ರೋಜನ್ ತೆಗೆದ ಸುದ್ದಿ 2022ರಲ್ಲಿ ಬಂತು. ಕಸದಲ್ಲಿರುವುದೇ 60 ಗ್ರಾಂ. ಉಳಿದದ್ದು ಹಬೆಯ ನೀರಿನದು. ಈ ಲೆಕ್ಕ ನನಗೆ ಬಹಳ ಹಿಡಿಸಿತು.

ಮೊಮ್ಮಗಳು ಮೊನ್ನೆ ಚಿಲಿಯ ಹಾರು ಓನಿಯ ಚಿತ್ರ ತೋರಿಸಿದಳು. 2022ರ ಡಿಸೆಂಬರಿನಲ್ಲಿ ಶುರುವಾದ ಪುಟ್ಟ ಕಾರ್ಖಾನೆ. ವರ್ಷಕ್ಕೆ 1,30,000 ಲೀಟರ್ ಪೆಟ್ರೋಲಿನ ಗುರಿ. ಅಲ್ಲಿ ಗಾಳಿಯಂತ್ರದ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ತೆಗೆಯುತ್ತಾರೆ. ಅದನ್ನು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿಸಿ ಮೆಥನಾಲು, ಆಮೇಲೆ ಪೆಟ್ರೋಲು. ಇಂಗಾಲವನ್ನು ಗಾಳಿಯಿಂದಲೇ ಹಿಡಿದಿದ್ದರೆ, ಉರಿದಾಗ ಹೋಗುವುದು ಹಿಡಿದದ್ದಷ್ಟೇ.

ಆದರೆ ಕರೆಂಟನ್ನು ಹೀಗೆ ಪೆಟ್ರೋಲು ಮಾಡಿ ಕಾರು ಓಡಿಸಲು ಬ್ಯಾಟರಿ ಕಾರಿಗಿಂತ ಸುಮಾರು ಐದು ಪಟ್ಟು ಕರೆಂಟು ಬೇಕು. ಮೊಮ್ಮಗಳ ಸ್ಕೂಟರಿಗೆ ಇದನ್ನು ಕುಡಿಸುವುದು ದುಂದು. ಅವಳದು ಹೇಗೂ ಬ್ಯಾಟರಿಯದು. ಬ್ಯಾಟರಿ ಹೊತ್ತು ಸಾಗರ ದಾಟಲಾರದ ವಿಮಾನ, ಹಡಗುಗಳಿಗೆ ಇಂಥ ಎಣ್ಣೆ ಇರಲಿ. ಅವನ್ನಂತೂ ಇಳಿದು ತಳ್ಳುವ ಹಾಗಿಲ್ಲ.