ಮಾಳಿಗೆ ಸೋರುವ ಮೊದಲು
ವಿರೂಪಾಪುರಗಡ್ಡೆಯ ದಡದಲ್ಲಿ ಎರಡು ದಿನ

ಮಕ್ಕಳ ಬೇಸಿಗೆ ರಜೆ ಮುಗಿಯಲು ನಾಲ್ಕೇ ದಿನ ಉಳಿದಿತ್ತು. ಗಂಗಾವತಿಯ ತವರಿನಿಂದ ಮಂಗಳೂರಿಗೆ ಹೊರಡುವ ಮುನ್ನ ಖಾಲಾಳನ್ನು ಒಮ್ಮೆ ನೋಡಿಕೊಂಡು ಬಾ ಎಂದು ಅಮ್ಮಿ ಒತ್ತಾಯಿಸಿದರು. ಖಾಲಾ ಅಂದರೆ ಅಮ್ಮಿಯ ಅಕ್ಕ. ಆನೆಗುಂದಿಯಿಂದ ಸಾಣಾಪುರದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ವಿರೂಪಾಪುರಗಡ್ಡೆಗೆ ಹತ್ತಿರದ ಒಂದು ಹಳ್ಳಿಯಲ್ಲಿ ಅವರ ಮನೆ. ಗಂಗಾವತಿಯಿಂದ ಬಸ್ಸಿನಲ್ಲಿ ಹೊರಟರೆ ಆನೆಗುಂದಿ ದಾಟುತ್ತಲೇ ನೋಟ ಬದಲಾಗುತ್ತದೆ. ಒಂದು ಕಡೆ ಭತ್ತದ ಗದ್ದೆ, ಬಾಳೆ ತೋಟ. ಇನ್ನೊಂದು ಕಡೆ ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಬಂಡೆಗಳು. ನಡುವೆ ಅಂಜನಾದ್ರಿ ಬೆಟ್ಟದ ಬಿಳಿ ಮೆಟ್ಟಿಲುಗಳು.

ನಾವು ತಲುಪಿದಾಗ ಖಾಲಾ ಮನೆಯೊಳಗೆ ಇರಲಿಲ್ಲ. ಮಾಳಿಗೆಯ ಮೇಲಿದ್ದರು! ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಏಣಿ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಣ್ಣು ಹರಡುತ್ತಿದ್ದ ಅಜ್ಜನಿಗೆ ಕೈಮಾಡಿ ಹೇಳುತ್ತಿದ್ದರು.

"ಆ ಮೂಲಿ ಕಡೆ ಇನ್ನೊಂದು ಬುಟ್ಟಿ ಹಾಕಪ್ಪಾ. ಹೋದ ವರ್ಷ ಅಲ್ಲೇ ಸೋರಿತ್ತು."

"ಹಾಕ್ತೀನಿ ಬಿಡಬೇ ಯಮ್ಮಾ. ನೀ ಮೊದ್ಲು ಕೆಳಗಿಳಿ. ನೀ ಬಿದ್ರ ಮಾಳಿಗಿ ಯಾರಿಗೆ ಬೇಕು?" ಎಂದು ಅಜ್ಜ ಗದರಿದ.

ಕರಾವಳಿಯ ಓದುಗರಿಗೆ ಮಾಳಿಗೆ ಮನೆ ಅಷ್ಟು ಪರಿಚಯವಿರಲಿಕ್ಕಿಲ್ಲ. ಅಲ್ಲಿ ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ಬದಲಿಸುತ್ತೇವೆ, ಪಕ್ಕಾಸು ನೋಡುತ್ತೇವೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದಂದಿನಿಂದ ಆ ಕೆಂಪು ಹಂಚು ಕರಾವಳಿಯ ಗುರುತೇ ಆಗಿಬಿಟ್ಟಿದೆ. ಅಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಮಳೆಗೆ ಇಳಿಜಾರು ಮಾಡು ಇಲ್ಲದೆ ಗತಿಯಿಲ್ಲ. ಕೊಪ್ಪಳ ಸೀಮೆಯಲ್ಲಿ ಬೀಳುವುದು ಸುಮಾರು 600 ಮಿಲಿಮೀಟರ್. ಇಲ್ಲಿ ಮಳೆಗಿಂತ ಬಿಸಿಲೇ ದೊಡ್ಡ ಶತ್ರು. ಅದಕ್ಕೇ ಮಣ್ಣಿನ ಮಾಳಿಗೆ. ದಪ್ಪ ತೊಲೆಗಳ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಕಟ್ಟಿಗೆ ಸೀಳು, ಸೊಪ್ಪು, ಅದರ ಮೇಲೆ ಗೇಣುದ್ದ ಮಣ್ಣು. ನಡುವೆ ಬೆಳಕು ಬರಲು ಒಂದು ಬೆಳಕಿಂಡಿ. ಮೇ ತಿಂಗಳ ಮಧ್ಯಾಹ್ನವೂ ಒಳಗೆ ತಂಪು.

ಆದರೆ ಈ ಮಾಳಿಗೆಗೆ ಪ್ರತಿ ವರ್ಷ ಸೇವೆ ಆಗಬೇಕು. ರೋಹಿಣಿ ಮಳೆ ಬೀಳುವುದರೊಳಗೆ ಸವಳು ಮಣ್ಣು ತಂದು ಮೇಲೆ ತೆಳ್ಳಗೆ ಹರಡಬೇಕು. ಹೊಲಕ್ಕೆ ಬೇಡವಾದ ಉಪ್ಪಿನಂಶದ ಮಣ್ಣು ಮನೆಗೆ ಬೇಕಾಗುವುದು ಹೀಗೆ. ಮೊದಲ ಮಳೆ ಬಿದ್ದ ಕೂಡಲೇ ಅದು ಉಬ್ಬಿ, ಸಣ್ಣ ಬಿರುಕುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಉಪ್ಪಿರುವುದರಿಂದ ಹುಲ್ಲೂ ಬೇಗ ಬೇರು ಬಿಡುವುದಿಲ್ಲ.

"ಸಿಮೆಂಟ್ ಹಾಕಿಸಿದರೆ ಒಂದೇ ಸಲಕ್ಕೆ ಮುಗೀತಲ್ಲ ಖಾಲಾ?" ಎಂದು ಕೇಳಿದೆ.

"ನಿನ್ನ ಭಾಯಿನೂ ಅದನ್ನೇ ಅಂದು ಒಂದು ಮೂಲೆಗೆ ಹಾಕಿಸಿದ. ಮಣ್ಣು ಉಸಿರಾಡ್ತದೆ ಬೇಟಿ, ಸಿಮೆಂಟು ಆಡೋದಿಲ್ಲ. ಬಿರುಕಿನೊಳಗೆ ನೀರು ಇಳಿದು ಹೊರಗೆ ಬರಲಿಕ್ಕೆ ದಾರಿ ಇಲ್ಲದೆ ಜಂತಿ ಕೊಳೀತು. ಈಗ ಅದೇ ಮೂಲೆಗೆ ಎರಡು ಜಂತಿ ಬದಲಿಸಬೇಕು."

ಆ ಎರಡು ಜಂತಿಗಳನ್ನು ನೋಡಲು ಒಳಗೆ ಹೋದೆವು. ಖಾಲಾ ಕೋಲಿನಿಂದ ಒಂದನ್ನು ತಟ್ಟಿ ತೋರಿಸಿದರು. ಟೊಳ್ಳು ಸದ್ದು. ಇನ್ನೊಂದರ ಬಳಿಗೆ ಹೋದಾಗ ಕೋಲನ್ನು ಕೆಳಗಿಳಿಸಿ, ತುಟಿಯ ಮೇಲೆ ಬೆರಳಿಟ್ಟರು. ಜಂತಿ ಮತ್ತು ಗೋಡೆಯ ಸಂದಿಯಲ್ಲಿ ಹುಲ್ಲೆಸಳುಗಳು ನೇತಾಡುತ್ತಿದ್ದವು. ಒಳಗಿನಿಂದ ಚಿಂವ್ ಚಿಂವ್. ಗುಬ್ಬಚ್ಚಿ ಮರಿಗಳು!

"ಇವು ಹಾರಿ ಹೋಗೋವರೆಗೂ ಈ ಜಂತಿ ಮುಟ್ಟಬೇಡ ಅಂದೀನಿ. ಹತ್ತು ಹದಿನೈದು ದಿನದ ಮಾತು."

ನನ್ನ ಮಗಳು ಬಾಯಿ ತೆರೆದು ನೋಡುತ್ತಾ ನಿಂತಳು. ನಮ್ಮ ಫ್ಲ್ಯಾಟಿನಲ್ಲಿ ಪಾರಿವಾಳ ಬಿಟ್ಟರೆ ಬೇರೆ ಹಕ್ಕಿ ಅವಳು ಕಂಡದ್ದಿಲ್ಲ. ನುಣ್ಣಗಿನ ಆರ್‌ಸಿಸಿ ಗೋಡೆಯಲ್ಲಿ ಗುಬ್ಬಚ್ಚಿಗೆ ಸಂದಿ ಎಲ್ಲಿದೆ? 2010ರಿಂದ ಪ್ರತಿ ಮಾರ್ಚ್ 20ರಂದು ವಿಶ್ವ ಗುಬ್ಬಚ್ಚಿ ದಿನ ಆಚರಿಸುತ್ತಾರೆ. ಖಾಲಾಳ ಮನೆಯಲ್ಲಿ ಅಂಥ ದಿನದ ಅಗತ್ಯ ಇನ್ನೂ ಬಂದಿಲ್ಲ.

ಸಂಜೆ ಚಹಾ ಕುಡಿಯುತ್ತಾ ಕಟ್ಟೆಯ ಮೇಲೆ ಕುಳಿತೆವು. ಅಲ್ಲಿಂದ ನೋಡಿದರೆ ಗದ್ದೆಗಳಾಚೆ ಗಡ್ಡೆ, ಅದರಾಚೆ ನದಿ, ನದಿಯಾಚೆ ಹಂಪಿಯ ವಿರೂಪಾಕ್ಷ ದೇವಾಲಯದ ಗೋಪುರ. ತುಂಗಭದ್ರೆ ಬಂಡೆಗಳ ನಡುವೆ ಕವಲೊಡೆದು ಸುತ್ತುವರಿದ ನೆಲವೇ ವಿರೂಪಾಪುರಗಡ್ಡೆ. ಒಂದು ಕಾಲಕ್ಕೆ ವಿದೇಶೀಯರು ತಿಂಗಳುಗಟ್ಟಲೆ ತಂಗುತ್ತಿದ್ದರು. ಹಿಪ್ಪಿ ಐಲ್ಯಾಂಡ್ ಎಂದೇ ಹೆಸರಾಗಿತ್ತು. ಖಾಲಾಳ ಮಗ, ಅಂದರೆ ನಮ್ಮ ಭಾಯಿ, ಅಲ್ಲಿನ ತಂಗುದಾಣಗಳ ಗುಡಿಸಲುಗಳಿಗೆ ಹುಲ್ಲು ಹೊದಿಸುವ, ಬಾಗಿಲು ಕೂರಿಸುವ ಕೆಲಸ ಹಿಡಿಯುತ್ತಿದ್ದ. ಮಳೆಗಾಲ ಮುಗಿದರೆ ಅವನಿಗೆ ಬಿಡುವೇ ಇರುತ್ತಿರಲಿಲ್ಲ.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ತಾಣದ ವ್ಯಾಪ್ತಿ ಸುಮಾರು 4187 ಹೆಕ್ಟೇರ್. ಸೇತುವೆ ಮೊದಲಾದ ಕಾಮಗಾರಿಗಳಿಂದ ಧಕ್ಕೆಯಾಗುತ್ತಿದೆ ಎಂದು 1999ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಅದರಿಂದ ಹೊರಬಂದದ್ದು 2006ರಲ್ಲಿ. ನದಿಯ ಈಚೆಯ ಗಡ್ಡೆಯೂ ರಕ್ಷಿತ ಪ್ರದೇಶವೇ, ಅಲ್ಲಿನ ತಂಗುದಾಣಗಳು ಅಕ್ರಮ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು.

"ಎರಡು ದಿನ ಧೂಳೋ ಧೂಳು. ಇವನು ಹೊದಿಸಿದ ಹುಲ್ಲು ಗಾಳಿಗೆ ನಮ್ಮ ಅಂಗಳದವರೆಗೂ ಬಂದಿತ್ತು," ಎಂದರು ಖಾಲಾ. ಹಿಂದೆಯೇ ಲಾಕ್‌ಡೌನ್. ಕೆಲವರು ಸಾಣಾಪುರ, ಹನುಮನಹಳ್ಳಿ ಕಡೆ ಹೋಗಿ ಬದುಕು ಕಟ್ಟಿಕೊಂಡರು. ಭಾಯಿ ಗಂಗಾವತಿಯಲ್ಲಿ ಬಡಗಿ ಕೆಲಸಕ್ಕೆ ಸೇರಿದ.

ನ್ಯಾಯಾಲಯದ ತೀರ್ಪಿನ ಬಗ್ಗೆ ಖಾಲಾಳಿಗೆ ತಕರಾರಿಲ್ಲ. "ಹಳೇ ಕಲ್ಲು ಉಳೀಬೇಕು, ಖರೆ. ನಮ್ಮ ಹಳೇ ಮನೆಗಳೂ ಉಳೀಬೇಕಲ್ಲ?" ಎಂಬುದಷ್ಟೇ ಅವರ ಪ್ರಶ್ನೆ. ಪರಂಪರೆ ಪ್ರದೇಶದ ಹಳ್ಳಿಗಳಲ್ಲಿ ಹೊಸದಾಗಿ ಕಟ್ಟಲು, ಇದ್ದದ್ದರ ರೂಪ ಬದಲಿಸಲು ಅನುಮತಿ ಪಡೆಯಬೇಕು. ಇದಕ್ಕೆಂದೇ 2002ರ ಕಾಯ್ದೆಯಿದೆ, ಪ್ರಾಧಿಕಾರವಿದೆ. ಹಿಂಬದಿಯ ಗೋಡೆ ಇಳಿಯುತ್ತಿದೆ, ಅದನ್ನು ಕೆಡವಿ ಕಟ್ಟಲೇಬೇಕು. ಹಾಗಾದರೆ ಅರ್ಜಿ ಹಾಕಿಲ್ಲ ಏಕೆ ಎಂದು ಕೇಳಿದೆ.

ಖಾಲಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಭಾಬಿಯೇ ಹೇಳಿದಳು. "ಮನೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅವರು ಹೋಗಿ ಮೂವತ್ತು ವರ್ಷದ ಮೇಲಾಯಿತು."

ಖಾಲೂ ಮತ್ತು ಅವರ ತಮ್ಮ ಇಬ್ಬರೂ ಬಾಯಿಮಾತಿನಲ್ಲೇ ಪಾಲು ಮಾಡಿಕೊಂಡಿದ್ದರು. ಖಾಲೂ ತೀರಿಕೊಂಡರು. ತಮ್ಮ ಹೊಸಪೇಟೆಯಲ್ಲಿದ್ದಾರೆ. ಒಂದು ಮದುವೆಯ ವಿಷಯದಲ್ಲಿ ಮುನಿಸು ಬಂದು, ಎರಡು ಮನೆಗಳ ನಡುವೆ ಮಾತು ನಿಂತು ಆರು ವರ್ಷ. ಅವರ ಒಪ್ಪಿಗೆ ಇಲ್ಲದೆ ಖಾತೆ ಬದಲಾಗದು. ಖಾತೆ ಇಲ್ಲದೆ ಅರ್ಜಿ ಹಾಕುವುದು ಹೇಗೆ?

"ಮಾಳಿಗೆಗೆ ವರ್ಷಾ ಮಣ್ಣು ಹಾಕಿಸಿದೆ ಬೇಟಿ," ಎಂದರು ಖಾಲಾ. "ಕಾಗದ ಒಂದು ಸಲಾನೂ ತೆಗೆದು ನೋಡಲಿಲ್ಲ."

ಮರುದಿನ ಫಜ್ರ್ ಆದೊಡನೆ ಭಾಯಿ ಮಕ್ಕಳನ್ನು ನದಿಯ ಕಡೆ ಕರೆದೊಯ್ದ. ನಾನೂ ಹೊರಟೆ. ಬೇಸಿಗೆಯ ಕೊನೆಯಾದ್ದರಿಂದ ನೀರು ಕಡಿಮೆ. ದೊಡ್ಡ ಬಂಡೆಗಳೆಲ್ಲ ಬೆನ್ನು ತೋರಿಸುತ್ತಿದ್ದವು. ದಡದಲ್ಲಿ ಎರಡು ಹರಿಗೋಲುಗಳನ್ನು ಬೋರಲು ಹಾಕಿದ್ದರು. ಬಿದಿರಿನ ದಬ್ಬೆಗಳ ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಒಬ್ಬಾತ ಬಿರುಕಿಗೆ ಕಾಯಿಸಿದ ಡಾಂಬರು ಹಚ್ಚುತ್ತಿದ್ದ. ಮನೆಗೆ ಮಣ್ಣು, ಹರಿಗೋಲಿಗೆ ಡಾಂಬರು. ಇಲ್ಲಿ ಎಲ್ಲರೂ ಮಳೆಗೆ ಸಿದ್ಧರಾಗುತ್ತಿದ್ದರು. ಐದುನೂರು ವರ್ಷಗಳ ಹಿಂದೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಈ ದುಂಡು ಹರಿಗೋಲುಗಳ ಬಗ್ಗೆ ಬರೆದಿದ್ದಾನೆ. ಆಗ ಹೊರಗೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್. ಅಷ್ಟೇ ವ್ಯತ್ಯಾಸ.

"ಅಲ್ಲಿ ನೋಡ್ರಿ," ಎಂದು ಭಾಯಿ ಪಿಸುಗುಟ್ಟಿದ.

ನಡು ಹೊಳೆಯ ಬಂಡೆಯ ಮೇಲೆ ಮೊದಲು ಒಂದು ಕಂದು ತಲೆ ಮೇಲೆದ್ದಿತು. ಹಿಂದೆಯೇ ಇನ್ನೆರಡು. ನೀರುನಾಯಿಗಳು! ಒಂದರ ಬಾಯಲ್ಲಿ ಮಿರುಗುವ ಮೀನು. ಉಳಿದೆರಡು ಅದಕ್ಕಾಗಿ ಜಗಳ ತೆಗೆದವು, ಶಿಳ್ಳೆ ಹೊಡೆದಂತೆ ಕೂಗಿದವು. ಒಂದೆರಡು ನಿಮಿಷವಷ್ಟೇ. ಮೂರೂ ಜಾರಿ ನೀರಿಗಿಳಿದು ಮಾಯವಾದವು.

ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಗಡ್ಡೆ ಇರುವುದು ಇದೇ ಹರಿವಿನಲ್ಲಿ. ಬಲೆ ಹರಿಯುತ್ತವೆಂದು ಮೀನುಗಾರರಿಗೆ ಇವುಗಳ ಮೇಲೆ ಸಿಟ್ಟಿದೆ. ಆದರೆ ಮೀನು ಸಮೃದ್ಧವಾಗಿರುವ, ಕೆಡದ ನೀರಿನಲ್ಲಷ್ಟೇ ನೀರುನಾಯಿ ಚೆನ್ನಾಗಿ ಬದುಕುತ್ತದೆ. ಅದು ಇದೆಯೆಂದರೆ ನದಿಗೆ ಇನ್ನೂ ಜೀವ ಇದೆ ಎಂದರ್ಥ. ಮಗ ನೀರಿಗಿಳಿಯಲು ಹಟ ಹಿಡಿದ. ಇದೇ ನದಿಯಲ್ಲಿ ಮೊಸಳೆಗಳೂ ಇವೆ ಎಂದು ಭಾಯಿ ಹೇಳಿದ ಮೇಲೆ ತಾನೇ ನಾಲ್ಕು ಹೆಜ್ಜೆ ಹಿಂದೆ ಸರಿದ.

ಈ ಸೀಮೆಯಲ್ಲಿ ಪ್ರಾಣಿ ಪಕ್ಷಿಗಳೇ ಕ್ಯಾಲೆಂಡರ್. ಚಾತಕ ಕೂಗಿದರೆ ಮಳೆ ಹತ್ತಿರ. ಗೀಜಗ ಈಚಲು ಮರಕ್ಕೆ ಗೂಡು ನೇಯತೊಡಗಿದರೆ ಮಳೆಗಾಲ ಶುರುವಾದಂತೆ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಉತ್ತರ ಕರ್ನಾಟಕದ ಕೆರೆಗಳಿಗೆ ಇಳಿಯುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಅದಕ್ಕೇ ಹೆಸರುವಾಸಿ. ಬಂಡೆ ಗುಡ್ಡಗಳಲ್ಲಿ ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಸಿಗದ ಹಳದಿ ಕೊರಳಿನ ಪಿಕಳಾರವಿದೆ. ಹೊಳೆಯಾಚೆ ದರೋಜಿಯಲ್ಲಿ 1994ರಲ್ಲಿ ಸ್ಥಾಪನೆಯಾದ ಕರಡಿಧಾಮವಿದೆ. ಅಲ್ಲಿ ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಇಡುತ್ತಾರೆ, ಅದನ್ನು ನೆಕ್ಕಲು ಕರಡಿಗಳು ಇಳಿದು ಬರುವುದನ್ನು ಗೋಪುರದಿಂದ ನೋಡಬಹುದು.

ಮಳೆಗಾಲದ ಅತಿಥಿಗಳಲ್ಲಿ ಹಾವೂ ಒಂದು. ಬಿಲಕ್ಕೆ ನೀರು ನುಗ್ಗಿದಾಗ ಅದು ಒಣಗಿದ ಜಾಗ ಹುಡುಕುತ್ತಾ ಮನೆ ಸೇರುತ್ತದೆ. ಗೋಡೆಯ ತೂತಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಬೇಕು, ಕಟ್ಟಿಗೆ ರಾಶಿಯನ್ನು ಗೋಡೆಗೆ ಒತ್ತಿ ಇಡಬಾರದು, ನೆಲದ ಮೇಲೆ ಮಲಗುವವರು ಸೊಳ್ಳೆ ಪರದೆಯನ್ನು ಹಾಸಿಗೆಯಡಿ ಸಿಕ್ಕಿಸಬೇಕು ಎಂಬುದು ಭಾಬಿಯ ನಿಯಮ. ಕಚ್ಚಿದರೆ ಮಂತ್ರ, ಬೇರು ಎಂದು ಹೊತ್ತು ಕಳೆಯದೆ ನೇರ ಆಸ್ಪತ್ರೆ.

ಹಿಂದಿರುಗುವಾಗ ಪ್ರವಾಹದ ಮಾತು ಬಂತು. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ಹಂಪಿಯ ಪುರಂದರ ಮಂಟಪ, ಆನೆಗುಂದಿ ಬಳಿಯ ನವವೃಂದಾವನ ಎಲ್ಲ ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಿ ಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರ್‌ಗಳಲ್ಲಿ ಪಾರುಮಾಡಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿ ಹೋಯಿತು. ನೀರು ಹರಿಯುತ್ತಿರುವಾಗಲೇ, ಒಂದೇ ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದ್ದನ್ನು ಈ ಸೀಮೆಯವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಮಧ್ಯಾಹ್ನ ನಾವು ಹೊರಡುವ ಮೊದಲು ಖಾಲಾ ಆ ಮಾತಿಗೇ ಮರಳಿದರು. "ಎಪ್ಪತ್ತು ವರ್ಷ ನೀರು ಹಿಡಿದ ಸರಪಳಿನೇ ಹರಿದರೆ, ಬಾಯಿಮಾತು ಎಷ್ಟು ದಿನ ಹಿಡಿದೀತು?" ಎಂದವರೇ ಮಂಚದಡಿಯ ಟ್ರಂಕ್ ಎಳೆಸಿದರು. ಹಳೆ ಶಾಲಿನ ಕೆಳಗೆ ಕಾಗದದ ಕಟ್ಟಿತ್ತು. ಅಂಚುಗಳನ್ನು ಗೆದ್ದಲು ತಿಂದಿತ್ತು. ಭಾಬಿ ಒಂದೊಂದನ್ನೇ ಬಿಸಿಲಿಗೆ ಹಿಡಿದು ಕೊಡವಿದಳು. ಮನೆಯ ಪತ್ರ ಓದುವ ಹಾಗೆಯೇ ಇತ್ತು.

"ಹೊಸ ಕಾಗದದಲ್ಲಿ ನನ್ನ ಹೆಸರೂ ಇರಬೇಕು. ನನ್ನ ಹೆಣ್ಣುಮಕ್ಕಳ ಪಾಲೂ ಬರೀಬೇಕು. ನಾನು ಇರುವಾಗಲೇ ಆಗಲಿ," ಎಂದರು ಖಾಲಾ. ಭಾಯಿ ತಲೆಯಾಡಿಸಿದ. ಆದರೆ ಹೊಸಪೇಟೆಗೆ ಮೊದಲು ಫೋನ್ ಮಾಡುವವರು ಯಾರು? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಖಾಲಾಳೇ ನನ್ನ ಮೊಬೈಲ್ ತೆಗೆದುಕೊಂಡರು. ಆ ಕಡೆಯಿಂದ ಸಲಾಮ್ ಕೇಳಿಸಿತು. ಇವರು ಉತ್ತರಿಸಿ, ಕಾಗದದ ಸುದ್ದಿ ಎತ್ತಲಿಲ್ಲ. "ನಿಮ್ಮ ಮನೆ ಮಾಳಿಗೆಗೆ ಮಣ್ಣು ಹಾಕಿಸಿದ್ರೇನು?" ಎಂದು ಕೇಳಿದರು. ಮಾತು ಅರ್ಧ ಗಂಟೆ ನಡೆಯಿತು. ನಮ್ಮ ಬಸ್ಸು ತಪ್ಪಿತು.

ಜೂನ್ ಎರಡನೆಯ ವಾರ ಮಂಗಳೂರಿನಲ್ಲಿ ಧಾರಾಕಾರ ಮಳೆ ಸುರಿಯುತ್ತಿರುವಾಗ ಭಾಬಿಯ ಫೋನ್ ಬಂತು. ಅಲ್ಲಿಯೂ ಮೊದಲ ಮಳೆ ಬಿದ್ದಿತ್ತು. ಮರಿಗಳು ಹಾರಿ ಹೋಗಿದ್ದವು, ಮರುದಿನವೇ ಜಂತಿ ಬದಲಿಸಿದ್ದರು. ಹೊಸಪೇಟೆಯವರು ಬಂದು ಊಟ ಮಾಡಿ, ಸಹಿ ಹಾಕಲು ಒಪ್ಪಿ ಹೋಗಿದ್ದರು. ಅನುಮತಿ, ಗೋಡೆ ಎಲ್ಲ ಇನ್ನು ಮುಂದಿನ ಮಾತು.

"ಮಾಳಿಗೆ ಸೋರಲಿಲ್ಲವಲ್ಲ?" ಎಂದೆ.

"ಆ ಮೂಲೆ ಸೋರಲಿಲ್ಲ. ಈಗ ಅಡುಗೆ ಮನೆ ಕಡೆ ಸೋರ್ತಾ ಇದೆ," ಎಂದು ಭಾಬಿ ನಕ್ಕಳು. ಹಿಂದಿನಿಂದ ಖಾಲಾಳ ದನಿ ಕೇಳಿಸಿತು. ಅವರು ಯಾರನ್ನೋ ಏಣಿ ತರಲು ಕೂಗುತ್ತಿದ್ದರು.